ಕಾಲಿಗೆ ಹಚ್ಚಿದ ಥಿನ್ನರ್

ಮಾಮಾನ ಕಾಲಿಗೆ ಥಿನ್ನರ್ ಹಚ್ಚಿದವನು ನಾನು. ಮೊದಲು ಅದನ್ನೇ ಬರೆದುಬಿಡುತ್ತೇನೆ. ಆಮೇಲೆ ನೋಡೋಣ ಎಂದು ಇಟ್ಟರೆ ಬರೆಯದೇ ಬಿಡುತ್ತೇನೆ, ನನಗೆ ಗೊತ್ತು.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ನಾವು ಅಥಣಿ ಕಡೆಯವರು, ಚಪ್ಪಲಿ ಮಾಡುವವರು. ಊರಲ್ಲಿ ನಮ್ಮ ಚಪ್ಪಲಿಗೆ ಅಂಟು ಹಾಕುತ್ತಿರಲಿಲ್ಲ, ಮೊಳೆಯನ್ನೂ ಹೊಡೆಯುತ್ತಿರಲಿಲ್ಲ. ಚರ್ಮ, ಅದನ್ನು ಹೊಲಿಯಲು ದಾರ, ತೂತು ಹಾಕಲು ಆರಿ. ಅಷ್ಟೇ. ಮಾಮಾ ಆರಿ ಹಿಡಿದರೆ ಕೆಳಗೆ ನೋಡುತ್ತಲೇ ಇರಲಿಲ್ಲ. ಮಾತಾಡುತ್ತಾ ಹೊಲಿಯುತ್ತಿದ್ದ, ಹೊಲಿಗೆ ನೆಟ್ಟಗೆ ಬರುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದರೂ ಹೊಲಿಯುತ್ತೇನೆ ಎಂದು ಪಂದ್ಯ ಕಟ್ಟಿ ಗೆದ್ದಿದ್ದಾನಂತೆ.

ಅವನು ಮುಂಬಯಿಗೆ ಬಂದು ಹತ್ತು ವರ್ಷವಾದ ಮೇಲೆ ನನ್ನನ್ನು ಕರೆಸಿಕೊಂಡ. ಬಟ್ಟೆ ಗಿರಣಿಗಳ ಸಂಪು, ಆ ದೊಡ್ಡ ಮುಷ್ಕರ, ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ನನಗೆ ಹತ್ತೊಂಬತ್ತು. ಓದಿದ್ದು ಐದನೇ ಇಯತ್ತೆ. ಕುರ್ಲಾದ ಒಂದು ಚಾಳಿನಲ್ಲಿ ಇಬ್ಬರೂ ಒಂದೇ ಖೋಲಿಯಲ್ಲಿ ಇದ್ದೆವು. ಕೆಲಸ ಅಲ್ಲಿಂದ ಹತ್ತು ಹೆಜ್ಜೆಯ ಗಾಲಾದಲ್ಲಿ. ಗಾಲಾ ಎಂದರೆ ತಗಡಿನ ಮಾಡಿನ ಒಂದು ಕೋಣೆ. ಮುಂದೆ ಶಟರ್, ಹಿಂದೆ ಒಂದು ಸಣ್ಣ ಕಿಟಕಿ. ಅಲ್ಲಿ ಹೆಂಗಸರ ಸ್ಯಾಂಡಲ್ ಮಾಡುತ್ತಿದ್ದೆವು. ಹೊಲಿಗೆ ಇಲ್ಲ, ಬರೀ ಅಂಟು. ಅಂಟಿಗೆ ನಾವು ಸೊಲ್ಯೂಶನ್ ಅನ್ನುತ್ತಿದ್ದೆವು. ಅಟ್ಟೆಗೆ ಒಂದು ಕೈ, ಪಟ್ಟಿಗೆ ಒಂದು ಕೈ ಬ್ರಶ್ಶಿನಲ್ಲಿ ಹಚ್ಚುವುದು, ಒಣಗಲು ಬಿಡುವುದು, ಒತ್ತುವುದು. ಸೊಲ್ಯೂಶನ್ ದಪ್ಪಗಾದರೆ ಥಿನ್ನರ್ ಸುರಿದು ತೆಳ್ಳಗೆ ಮಾಡುವುದು. ಕೈಗೆ ಅಂಟಿದ್ದನ್ನು ಬಿಡಿಸಲೂ ಥಿನ್ನರ್ರೇ. ನೆಲ ಒರೆಸಲೂ ಅದೇ.

ಮೊದಲ ತಿಂಗಳು ನನಗೆ ದಿನಾ ವಾಂತಿ. ಗಾಳಿ ಬರುವ ಶಟರಿನ ಪಕ್ಕದ ಜಾಗ ಮಾಮಾನದು, ಹಳಬ ಎಂದು ಅವನಿಗೆ ಸಿಕ್ಕಿದ್ದು. ಒಂದು ದಿನ ಅವನು ತನ್ನ ಗೋಣಿಚೀಲ ಎತ್ತಿಕೊಂಡು ಒಳಗೆ ಬಲ್ಬಿನ ಕೆಳಗೆ ಹೋಗಿ ಕೂತ.

"ನೀ ಅಲ್ಲಿ ಕುಂದರ ಲೇ ಅಳಿಯಾ. ನಿನ್ನ ವಾಂತಿ ಬಳದು ಬಳದು ಸಾಕಾಗೇತಿ."

ಅಷ್ಟೇ ಹೇಳಿದ್ದು. ನಾನು ಶಟರಿನ ಪಕ್ಕ ಕೂತೆ. ಆಮೇಲೆ ಎದ್ದು ಜಾಗ ಬದಲಿಸಲೇ ಇಲ್ಲ.

ಎರಡನೇ ವರ್ಷದ ಮಳೆಗಾಲಕ್ಕೆ ಮುಂಚೆ ಹೊಸ ಥಿನ್ನರ್ ಡ್ರಮ್ಮು ಬಂತು. ಹಳೆಯದರ ವಾಸನೆ ತಲೆಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಇರುತ್ತಿತ್ತು. ಇದು ಹಗುರ. ಪೆಟ್ರೋಲಿನ ಹಾಗೆ ಮೂಗಿಗೆ ಬಂದು ಹೋಗುತ್ತಿತ್ತು. ತಲೆನೋವಿಲ್ಲ, ವಾಂತಿಯಿಲ್ಲ, ಬೇಗ ಒಣಗುತ್ತಿತ್ತು. ನಮ್ಮ ಜೊತೆ ಒಬ್ಬ ಮರಾಠಿ ಕಾಕಾ ಕೆಲಸ ಮಾಡುತ್ತಿದ್ದ, ಗಿರಣಿ ಬಂದ್ ಆಗಿ ಇಲ್ಲಿಗೆ ಬಂದವನು. ಅವನು ಬೆರಳು ಅದ್ದಿ ಮೂಸಿ, "ಏ ತೋ ಅತ್ತರ್ ಹೈ, ಅತ್ತರ್" ಎಂದು ಕಿವಿಯ ಹಿಂದೆ ಒರೆಸಿಕೊಂಡ. ಎಲ್ಲರೂ ನಕ್ಕೆವು. ಗಾಲಾದ ಮಾಲೀಕ ಶೇಠನನ್ನು ಮೊದಲ ಸಲ ಹೊಗಳಿದೆವು.

ಮಳೆಗಾಲದಲ್ಲಿ ಗಾಲಾದ ಕೆಲಸ ಬೇರೆ ರೀತಿ. ಹೊರಗಿನ ತೇವ ಒಳಗೆ ಬಂದರೆ ಹಚ್ಚಿದ ಸೊಲ್ಯೂಶನ್ ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತದೆ. ಆಮೇಲೆ ಎಷ್ಟು ಒತ್ತಿದರೂ ಅಟ್ಟೆ ಎಂಟು ದಿನದಲ್ಲಿ ಬಾಯಿ ಬಿಡುತ್ತದೆ. ಅದಕ್ಕೆ ಶಟರನ್ನು ಒಂದು ಗೇಣು ಬಿಟ್ಟು ಪೂರ್ತಿ ಇಳಿಸುತ್ತಿದ್ದೆವು. ಕಿಟಕಿಯ ಸಂದಿಗೆ ರೆಕ್ಸಿನ್ ಚಿಂದಿ ತುರುಕುತ್ತಿದ್ದೆವು. ಫ್ಯಾನ್ ಬಂದ್. ಮಾಲಿನ ಮೇಲೆ ದೊಡ್ಡ ಬಲ್ಬು ಇಳಿಬಿಟ್ಟು ಕಾಯಿಸುತ್ತಿದ್ದೆವು. ಕಿಟಕಿಯ ಸಂದಿಗೆ ಚಿಂದಿ ತುರುಕುವ ಕೆಲಸ ನನ್ನದಾಗಿತ್ತು. ಚೆನ್ನಾಗಿ ತುರುಕುತ್ತಿದ್ದೆ. ಗಾಳಿಯೇ ಬರುತ್ತಿರಲಿಲ್ಲ.

ಶ್ರಾವಣದ ಹೊತ್ತಿಗೆ ಮಾಮಾನ ಕೈಯಿಂದ ಬ್ರಶ್ ಬೀಳತೊಡಗಿತು. ಕಾಕಾ, "ರಾತ್ರಿ ಎಷ್ಟು ಹಾಕಿದ್ದಿ?" ಎಂದು ಹೆಬ್ಬೆರಳನ್ನು ಬಾಯಿಗೆ ತೋರಿಸಿ ಕೇಳುತ್ತಿದ್ದ. ಮಾಮಾ ಕುಡಿಯುವವನಲ್ಲ. ಆದರೂ ನಗುತ್ತಿದ್ದ.

ಒಂದು ರವಿವಾರ ಬಕಲ್ ತರಲು ಗ್ರಾಂಟ್ ರೋಡಿಗೆ ಹೊರಟೆವು. ದಾದರಿನಲ್ಲಿ ಲೋಕಲ್ ಬದಲಿಸಲು ಸೇತುವೆ ಹತ್ತಿ ಇಳಿದೆವು. ಕೆಳಗಿನ ಪ್ಲಾಟ್‌ಫಾರ್ಮಿಗೆ ಬಂದಾಗ ನೋಡುತ್ತೇನೆ, ಮಾಮಾನ ಎಡಗಾಲು ಬರಿಗಾಲು.

"ಮಾಮಾ, ಚಪ್ಪಲಿ ಎಲ್ಲಿ?"

"ಯಾವ ಚಪ್ಪಲಿ?"

ಕೆಳಗೆ ನೋಡಿಕೊಂಡ. ಬಹಳ ಹೊತ್ತು ನೋಡಿದ. ಕಾಲು ಒದ್ದೆಯಾಗಿತ್ತು, ಕೆಸರಾಗಿತ್ತು. ಎಲ್ಲಿಂದ ಬರಿಗಾಲಲ್ಲಿ ನಡೆದಿದ್ದನೋ ಅವನಿಗೇ ಗೊತ್ತಿಲ್ಲ. ನಾನು ಸೇತುವೆಗೆ ವಾಪಸು ಓಡಿದೆ. ಮೂರನೇ ಮೆಟ್ಟಿಲಲ್ಲಿ ಜನ ತುಳಿಯುತ್ತಾ ಹೋಗುತ್ತಿದ್ದರು, ಚಪ್ಪಲಿ ಮಗುಚಿ ಬಿದ್ದಿತ್ತು. ಮರುದಿನ ಗಾಲಾದಲ್ಲಿ ನಾನೇ ಇದನ್ನು ತಮಾಷೆ ಎಂದು ಹೇಳಿದೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರೆ ಚಪ್ಪಲ್‌ವಾಲಾ, ತುಝೀಚ ಚಪ್ಪಲ್ ಪಳಾಲೀ?" ಚಪ್ಪಲಿ ಮಾಡುವವನ ಚಪ್ಪಲಿಯೇ ಓಡಿಹೋಯಿತೇ ಎಂದು. ಆವತ್ತು ಮಾಮಾ ನಗಲಿಲ್ಲ.

ಆಮೇಲೆ ಉರಿ ಶುರುವಾಯಿತು. ಮುಟ್ಟಿದರೆ ಗೊತ್ತಾಗುವುದಿಲ್ಲ, ಆದರೆ ಒಳಗೆ ಉರಿ. ಅಂಗಾಲು ಕೆಂಡದ ಮೇಲೆ ಇಟ್ಟ ಹಾಗೆ ಅನ್ನುತ್ತಿದ್ದ. ನೀರಲ್ಲಿ ಇಟ್ಟ, ಕೊಬ್ಬರಿ ಎಣ್ಣೆ ಹಚ್ಚಿದ, ಯಾವುದಕ್ಕೂ ಜಗ್ಗಲಿಲ್ಲ. ಒಂದು ಸಂಜೆ ಕೈ ತೊಳೆಯುವಾಗ ಥಿನ್ನರ್ ಕಾಲಿನ ಮೇಲೆ ಚೆಲ್ಲಿತು.

"ಹಾ... ಲೇ ಅಳಿಯಾ, ತಣ್ಣಗ ಆತು ನೋಡ. ಇನ್ನಷ್ಟ ಹಾಕ."

ಹಾಕಿದೆ. ಆವತ್ತಿನಿಂದ ದಿನಾ ಕೆಲಸ ಮುಗಿದ ಮೇಲೆ ಒಂದು ಬಾಟಲಿಯಲ್ಲಿ ಖೋಲಿಗೆ ತಂದು ಬಟ್ಟೆಯಲ್ಲಿ ಅದ್ದಿ ಅವನ ಎರಡೂ ಅಂಗಾಲಿಗೆ ಹಚ್ಚುತ್ತಿದ್ದೆ. ಹಚ್ಚಿದ ಕೂಡಲೇ ಕಣ್ಣು ಮುಚ್ಚುತ್ತಿದ್ದ. ಆದರೆ ಬಟ್ಟೆ ಬೇಗ ಒಣಗುತ್ತಿತ್ತು. ಗಾಲಾದಲ್ಲಿ ಸೊಲ್ಯೂಶನ್ ಒಣಗದಿರಲಿ ಎಂದು ಡಬ್ಬಿಯ ಬಾಯಿಗೆ ನಾವು ರೆಕ್ಸಿನ್ ತುಂಡು ಕಟ್ಟುತ್ತೇವೆ. ನಾನು ಅದೇ ಬುದ್ಧಿ ಉಪಯೋಗಿಸಿದೆ. ಒದ್ದೆ ಬಟ್ಟೆ ಸುತ್ತಿ ಅದರ ಮೇಲೆ ರೆಕ್ಸಿನ್ ಸುತ್ತಿ ದಾರ ಬಿಗಿದೆ. ಮಾಮಾ ಹಾಗೇ ಮಲಗುತ್ತಿದ್ದ.

ಅದು ನನ್ನ ತಲೆಯಿಂದ ಬಂದದ್ದು. ಯಾರೂ ಹೇಳಿಕೊಟ್ಟದ್ದಲ್ಲ. "ನಿನ್ನ ತಲಿ ಛಲೋ ಓಡತೈತಿ" ಎಂದು ಮಾಮಾ ಹೇಳಿದಾಗ ನನಗೆ ಹೆಮ್ಮೆಯಾಗಿತ್ತು.

ಎರಡು ತಿಂಗಳಲ್ಲಿ ಅವನ ನಡಿಗೆ ಕೆಟ್ಟಿತು. ಪಾದದ ಮುಂಭಾಗ ಎತ್ತಲಾಗದೆ ಮೊಣಕಾಲನ್ನೇ ಮೇಲಕ್ಕೆತ್ತಿ ಪಾದ ಬಡಿಯುತ್ತಿದ್ದ. ಚಾಳಿನ ಗ್ಯಾಲರಿಯಲ್ಲಿ ಪಟ್, ಪಟ್ ಎಂದು ಸಪ್ಪಳ. ದೂರದಿಂದಲೇ ಮಾಮಾ ಬಂದ ಎಂದು ಗೊತ್ತಾಗುತ್ತಿತ್ತು. ಆ ಸಪ್ಪಳ ಈಗಲೂ ಕೇಳುತ್ತದೆ. ಯಾರೋ ಒದ್ದೆ ಹವಾಯಿ ಚಪ್ಪಲಿ ಹಾಕಿಕೊಂಡು ಹೋದರೂ ನಾನು ತಿರುಗಿ ನೋಡುತ್ತೇನೆ.

ಮುನಿಸಿಪಾಲ್ಟಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಹೆಂಗಸು, ಎಲ್ಲರೂ ಬಾಯಿ ಅನ್ನುತ್ತಿದ್ದರು, ಮೈಸೂರು ಕಡೆಯವರು. ನಾವು ನಮ್ಮ ಭಾಷೆಯಲ್ಲಿ ಪಿಸುಗುಡುವುದನ್ನು ಕೇಳಿ ತಲೆ ಎತ್ತಿದರು.

"ಕನ್ನಡದವರಾ? ಎಲ್ಲಿ ಕೆಲ್ಸ ಮಾಡ್ತೀರಿ?"

ಮಾಮಾ ಹೇಳಿದ. ಅವರು ಅವನ ಅಂಗೈ ಎತ್ತಿ ಮೂಸಿದರು. ನನಗೆ ನಾಚಿಕೆಯಾಯಿತು. ಸಣ್ಣ ಸುತ್ತಿಗೆಯಲ್ಲಿ ಹಿಮ್ಮಡಿಯ ಮೇಲೆ ಬಡಿದರು, ಪಾದ ಅಲ್ಲಾಡಲಿಲ್ಲ. ಗುಂಡುಸೂಜಿ ಹಿಡಿದು ಕಾಲ್ಬೆರಳಿನಿಂದ ಮೇಲಕ್ಕೆ ಚುಚ್ಚುತ್ತಾ ಬಂದರು. ಮೊಣಕಾಲಿನ ಸ್ವಲ್ಪ ಕೆಳಗೆ ಬಂದಾಗ ಮಾಮಾ "ಹಾಂ, ಈಗ ಚುಚ್ಚಿದ್ರಿ" ಅಂದ. ಅದಕ್ಕೂ ಮುಂಚೆ ಇಪ್ಪತ್ತು ಸಲ ಚುಚ್ಚಿದ್ದರು.

"ಕಾಲಿಗೆ ಏನಾದ್ರೂ ಹಚ್ಚಿದ್ರಾ? ಚರ್ಮ ಎಲ್ಲ ಒಣಗಿ ಬಿರುಕು ಬಿಟ್ಟಿದೆ."

ಮಾಮಾ ನನ್ನ ಕಡೆ ನೋಡಲೇ ಇಲ್ಲ.

"ಥಿನ್ನರ್ ಹಚ್ಕೊಂಡೆರಿ ಬಾಯರ. ಉರೀತಿತ್ತು, ಅದಕ್ಕ. ನಾನಽ ಹಚ್ಕೊಂಡೆ."

ಬಾಯಿ ಹಣೆ ಹಿಡಿದುಕೊಂಡರು. "ಉಸಿರಲ್ಲಿ ಹೋಗಿದ್ದೇ ಸಾಕಾಗಿತ್ತು. ಅದರ ಮೇಲೆ ಇದು ಬೇರೆ."

ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. ಅವರ ಮಾತು ಪುಸ್ತಕದ ಮಾತಿನ ಹಾಗೆ ಇರಲಿಲ್ಲ, ಅದಕ್ಕೆ ತಲೆಗೆ ಹೋಯಿತು.

"ನರ ಅಂದ್ರೆ ದಾರ ಅನ್ಕೊಳ್ಳಿ. ಅದರ ಬುಡ ಬೆನ್ನಲ್ಲಿರುತ್ತೆ, ಒಂದು ಸಣ್ಣ ಜೀವಕೋಶ. ಅಲ್ಲಿಂದ ಕಾಲ್ಬೆರಳ ತನಕ ಒಂದೇ ದಾರ. ದಾರದ ಒಳಗೆ ಪ್ರೋಟೀನಿನ ಸಣ್ಣ ಸಣ್ಣ ಎಳೆಗಳು. ಬುಡದಲ್ಲಿ ತಯಾರಾಗಿ ತುದಿಗೆ ಜಾರಿಕೊಂಡು ಹೋಗ್ತಾ ಇರಬೇಕು ಅವು. ನಿಮ್ಮ ಥಿನ್ನರ್ ಇದೆಯಲ್ಲ, ಮೈಯೊಳಗೆ ಹೋದ್ಮೇಲೆ ಅದು ಬೇರೆ ಒಂದು ರಾಸಾಯನಿಕ ಆಗುತ್ತೆ. ಅದು ಹೋಗಿ ಪ್ರೋಟೀನಿಗೆ ಕಚ್ಕೊಳ್ಳುತ್ತೆ. ಪ್ರೋಟೀನಿನ ಸ್ವಭಾವವೇ ಬದಲಾಗಿ ಎಳೆಗೆ ಎಳೆ ಅಂಟ್ಕೊಂಡು ಗಂಟಾಗುತ್ತೆ. ಜಾರಬೇಕಾದ್ದು ಜಾರಲ್ಲ. ಗಂಟಿನ ಹತ್ರ ದಾರ ಊದುತ್ತೆ, ಆಚೆಗಿನ ತುದಿ ಸಾಯುತ್ತೆ. ಉದ್ದ ದಾರ ಮೊದಲು ಸಾಯುತ್ತೆ, ಅದಕ್ಕೇ ಕಾಲು ಮೊದಲು."

"ಬುಡಾ?" ಎಂದು ಮಾಮಾ ಕೇಳಿದ.

"ಬುಡ ಬದುಕಿರುತ್ತೆ. ಅದೇ ನಿಮ್ಮ ಪುಣ್ಯ. ಬುಡ ಇದ್ರೆ ದಾರ ಮತ್ತೆ ಬೆಳೆಯುತ್ತೆ. ಮೇಲಿಂದ ಕೆಳಕ್ಕೆ, ತುಂಬಾ ನಿಧಾನ. ಎಲ್ಲಿವರೆಗೆ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ. ಇವತ್ತಿಂದ ಆ ಕೆಲ್ಸ ಬಂದ್."

ಮಾಮಾ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ನಡೆದ. ಬಾಯಿ ನನ್ನನ್ನು ನಿಲ್ಲಿಸಿದರು.

"ನೋಡಿ, ಕೆಲ್ಸ ಬಿಟ್ಟ ಮೇಲೂ ಎರಡು ಮೂರು ತಿಂಗಳು ಇನ್ನೂ ಜಾಸ್ತಿ ಆಗುತ್ತೆ. ಈಗಾಗಲೇ ಅಂಟಿರೋ ಎಳೆಗಳನ್ನ ಬಿಡಿಸಕ್ಕಾಗಲ್ಲ, ಅದರ ಪೆಟ್ಟು ಬೀಳಲೇಬೇಕು. ಆಮೇಲೆ ನಿಲ್ಲುತ್ತೆ. ಅವರಿಗೆ ಸರಿಯಾಗಿ ತಿಳಿಸಿ ಹೇಳಿ, ಹೆದರಬಾರದು."

ಹೂಂ ಅಂದೆ. ಹೇಳಲಿಲ್ಲ. ಲೋಕಲ್‌ನಲ್ಲಿ ಮಾಮಾ ಕಿಟಕಿಗೆ ತಲೆ ಕೊಟ್ಟು, "ಬುಡಾ ಬದುಕೈತಿ ಅಂದ್ರಲ್ಲ, ಸಾಕ ಬಿಡ" ಅಂದ. ಮುಖದಲ್ಲಿ ಬಹಳ ದಿನದ ಮೇಲೆ ನಗು ಇತ್ತು. ಈಗಲೇ ಯಾಕೆ ಹೇಳಲಿ ಅಂದುಕೊಂಡೆ. ನಾಳೆ ಹೇಳೋಣ ಅಂದುಕೊಂಡೆ. ನಾಳೆಯೂ ಹೇಳಲಿಲ್ಲ.

ಇಬ್ಬರೂ ಗಾಲಾ ಬಿಟ್ಟೆವು. ನನಗೆ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು-ಬಶಿ ತೊಳೆಯುವ ಕೆಲಸ ಸಿಕ್ಕಿತು. ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದೆ. ಮಾಮಾ ಖೋಲಿಯಲ್ಲೇ. ಮೊದಲ ಹದಿನೈದು ದಿನ ಹಾಗೇ ಇದ್ದ. ಆಮೇಲೆ ಬಾಯಿ ಹೇಳಿದಂತೆಯೇ ಆಯಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಬರದಾಯಿತು. ನಿಲ್ಲಲು ಎರಡು ಕೈಯಲ್ಲೂ ಬಾಗಿಲು ಹಿಡಿಯಬೇಕಾಯಿತು. ಆರಿ ತೆಗೆದು ನೋಡಿದ, ಮುಷ್ಟಿಯಲ್ಲಿ ನಿಲ್ಲಲಿಲ್ಲ.

"ಕೆಲಸಾ ಮಾಡೂವಾಗ ನಡೀತಿದ್ದೆ. ಬಿಟ್ಟ ಮ್ಯಾಲೆ ಹಿಂಗಾಗೈತಿ. ಬಿಟ್ಟಿದ್ದಽ ತಪ್ಪಾತೋ ಏನೋ."

"ಹಂಗೇನಿಲ್ಲ ಮಾಮಾ."

"ಏನ ಹಂಗೇನಿಲ್ಲ? ನೀ ಏನ ಡಾಕ್ಟರೇನ?"

ಆಗಲೂ ಹೇಳಬಹುದಿತ್ತು. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ ಎಂದು ಹೆದರಿ ಸುಮ್ಮನಾದೆ.

ಒಂದು ಸಂಜೆ ಹೋಟೆಲಿನಿಂದ ಬಂದು ಬಾಗಿಲು ತೆರೆದಾಗ ಆ ವಾಸನೆ. ಹಗುರವಾದ ಪೆಟ್ರೋಲಿನ ವಾಸನೆ. ಮಾಮಾನ ಬೆರಳ ಸಂದಿಯಲ್ಲಿ ಹಳದಿ ಅಂಟು ಒಣಗಿತ್ತು. ಹತ್ತು ದಿನದಿಂದ ನಾನು ಹೊರಟ ಮೇಲೆ ಕಾಕಾ ಬಂದು ಅವನನ್ನು ಹೆಗಲು ಕೊಟ್ಟು ಗಾಲಾಕ್ಕೆ ಕರೆದೊಯ್ಯುತ್ತಿದ್ದನಂತೆ. ಕುಡಿಯುವುದನ್ನು ಒಮ್ಮೆಲೇ ಬಿಟ್ಟರೆ ಕೈ ನಡುಗುವುದಿಲ್ಲವೇ, ಇದೂ ಹಾಗೆಯೇ ಇರಬೇಕು ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು. ಮುಷ್ಟಿಗೆ ಬ್ರಶ್ಶನ್ನು ಚಿಂದಿಯಿಂದ ಕಟ್ಟಿಸಿಕೊಂಡು ಅಟ್ಟೆಗೆ ಬಳಿದಿದ್ದ.

"ವಾಸನಿ ತಗೊಂಡ್ರ ಜರಾ ಹಗುರ ಅನಸತೈತಿ" ಅಂದ, ತಪ್ಪು ಮಾಡಿ ಸಿಕ್ಕವನ ಹಾಗೆ ನೆಲ ನೋಡುತ್ತಾ.

ನಾನು ಕೂಗಾಡಲಿಲ್ಲ. ಅವನ ಎದುರು ಕೂತೆ. ಬಾಯಿ ನನ್ನನ್ನು ನಿಲ್ಲಿಸಿ ಹೇಳಿದ ಮಾತನ್ನು ಆವತ್ತು ಹೇಳಿದೆ. ಮಾಮಾ ನಂಬಲಿಲ್ಲ. ಈಗ ಕಟ್ಟಿ ಹೇಳುತ್ತಿದ್ದೀಯ ಅಂದ. ಮಾತಿನಿಂದ ಏನನ್ನೂ ಒಪ್ಪುವವನಲ್ಲ ಅವನು. ಕೈಯಲ್ಲಿ ಹಿಡಿದು ನೋಡಬೇಕು.

ಅವನ ಹಳೆಯ ಡಬ್ಬಿಯಿಂದ ಹತ್ತಿಯ ದಾರ ತೆಗೆದೆ. ಎಳೆ ಬಿಡಿಸಿ ಎರಡು ಕಟ್ಟು ಮಾಡಿದೆ, ಒಂದೊಂದು ಕಟ್ಟಿಗೆ ಏಳೆಂಟು ಎಳೆ. ಒಂದು ಕಟ್ಟನ್ನು ಹಾಗೇ ಇಟ್ಟೆ. ಇನ್ನೊಂದಕ್ಕೆ ಅವನ ಅಂಗಿಯ ತೋಳಿಗೆ ಹತ್ತಿದ್ದ ಅರೆ ಒಣಗಿದ ಸೊಲ್ಯೂಶನ್ ಕೆರೆದು ತಿಕ್ಕಿದೆ. ಸಾಲದಾಯಿತು. ಗಾಲಾಕ್ಕೆ ಹೋಗಿ ಡಬ್ಬಿಯನ್ನೇ ತಂದೆ. ಅದ್ದಿ, ಬಾಗಿಲ ಹೊರಗೆ ಗ್ಯಾಲರಿಯ ಕಂಬಿಗೆ ಕಟ್ಟಿ ಒಣಗಿಸಿದೆ.

"ಇದರಾಗಿಂದ ಒಂದ ಎಳಿ ಜಗ್ಗ."

ಅವನ ಬೆರಳಿಗೆ ಎಳೆ ಸಿಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದ. ಸುಮ್ಮನೆ ಜಾರಿ ಬಂತು.

"ಈಗ ಇದು."

ಒಣಗಿದ ಕಟ್ಟು ಕಡ್ಡಿಯ ಹಾಗೆ ಸೆಟೆದಿತ್ತು. ಒಂದು ಎಳೆಯನ್ನು ಹಲ್ಲಿನಲ್ಲಿ ಬಿಡಿಸಿ ಕಚ್ಚಿ ಜಗ್ಗಿದ. ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದ. ಎಳೆ ಪಟ್ ಎಂದು ಕಡಿಯಿತು, ತುದಿ ಮಾತ್ರ ಅವನ ಬಾಯಲ್ಲಿ ಉಳಿಯಿತು. ಉಗುಳದೆ ಹಾಗೇ ಕೂತ.

"ಇದು ನನ್ನ ಕಾಲಾಗ ಆಗಾಕತ್ತೈತೇನ?"

"ಹೌದು. ಅವತ್ತ ಅಂಟಿದ್ದು ಈಗ ಕಡ್ಯಾಕತ್ತೈತಿ. ಹೊಸಾದು ಹಾಕಬ್ಯಾಡ ಮಾಮಾ."

ಕಟ್ಟನ್ನು ಎರಡೂ ಅಂಗೈ ನಡುವೆ ಹಿಡಿದು ತಿರುಗಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಎರಡ ತಿಂಗಳ ಹಿಂದ ಗೊತ್ತಿತ್ತು ನಿನಗ. ಒಂದ ಮಾತ ಹೇಳಾಕ ಇಷ್ಟ ದಿನಾ ಬೇಕಾತು?"

ಥಿನ್ನರ್ ಹಚ್ಚಿದ್ದರ ಬಗ್ಗೆ ಅವನು ಆವತ್ತೂ ಒಂದು ಮಾತು ಆಡಲಿಲ್ಲ. ನಾನು ಅವನ ಕಾಲು ಹಿಡಿಯಲು ಹೋದೆ. "ಮುಟ್ಟಬ್ಯಾಡ" ಅಂದ. ಜೋರಾಗಿ ಅಲ್ಲ. ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟುಕೊಂಡ, ಯಾರದೋ ಸಾಮಾನಿನ ಹಾಗೆ.

ಮಾಮಾ ಗಾಲಾಕ್ಕೆ ಮತ್ತೆ ಹೋಗಲಿಲ್ಲ. ಕಾಕಾ ಬಂದಾಗ ಸೆಟೆದ ದಾರ ತೋರಿಸಿ, "ಪೆಹಲೇ ಖಿಡಕೀ ಖೋಲ್" ಅಂದ, ಮೊದಲು ಕಿಟಕಿ ತೆರೆ ಎಂದು. ಮಳೆಗಾಲ ಮುಗಿದರೂ ತೆಗೆಯದೆ ಬಿಟ್ಟಿದ್ದ ಕಿಟಕಿಯ ಚಿಂದಿಯನ್ನು ಕಾಕಾ ಮರುದಿನ ಕಿತ್ತನಂತೆ, ಮಾಲಿಗೆ ಧೂಳು ಕೂರುತ್ತದೆ ಎಂದು ಶೇಠ ಮತ್ತೆ ತುರುಕಿಸಿದನಂತೆ. ಕಾಕಾ ಎಷ್ಟು ದಿನ ಅಲ್ಲಿದ್ದನೋ ನನಗೆ ಗೊತ್ತಿಲ್ಲ. ಆಮೇಲೆ ಅವನು ಕಾಣಲಿಲ್ಲ. ನಾನು ಹುಡುಕಲೂ ಇಲ್ಲ, ಅವನು ಹೇಗೆ ನಡೆಯುತ್ತಿದ್ದಾನೆ ಎಂದು ನೋಡುವ ಧೈರ್ಯವಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೆಚ್ಚಾಗುವುದು ನಿಂತಿತು. ಅಲ್ಲಿಂದ ಒಂದು ವರ್ಷ ಏನೂ ಆಗುತ್ತಿಲ್ಲ ಅನ್ನಿಸುವಷ್ಟು ನಿಧಾನ. ಕಾಲಿನ ಕೆಲಸವನ್ನೆಲ್ಲ ಅವನೇ ಮಾಡಿಕೊಳ್ಳುತ್ತಿದ್ದ. ಗಾಯವಾದರೆ ಅವನೇ ತೊಳೆದುಕೊಳ್ಳುತ್ತಿದ್ದ, ನನ್ನನ್ನು ಮುಟ್ಟಗೊಡುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಆರಿಯನ್ನು ಎರಡೂ ಅಂಗೈ ನಡುವೆ ಹಿಡಿದು ಮೊಣಕಾಲಿನಿಂದ ಕೆಳಗೆ ಮೆಲ್ಲಗೆ ಚುಚ್ಚಿಕೊಳ್ಳುತ್ತಾ ಬರುತ್ತಿದ್ದ. ಎಲ್ಲಿಯವರೆಗೆ ಗೊತ್ತಾಗುತ್ತದೋ ಅಲ್ಲಿ ಇದ್ದಿಲಿನಿಂದ ಗೆರೆ. ಸ್ನಾನಕ್ಕೆ ಗೆರೆ ಅಳಿಸುತ್ತಿತ್ತು, ಮರುದಿನ ಮತ್ತೆ ಚುಚ್ಚಿ ಗೆರೆ. ಗೆರೆ ಕೆಳಗಿಳಿಯುತ್ತಿತ್ತು. ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವನು ಗೋಡೆ ಹಿಡಿದು ಹೊರಗೆ ಹೋದಾಗ ಅದೇ ಆರಿಯಿಂದ ನನ್ನ ಬೆರಳಿಗೂ ಚುಚ್ಚಿ ನೋಡಿಕೊಳ್ಳುತ್ತಿದ್ದೆ. ನೋಯುತ್ತಿತ್ತು. ಶಟರಿನ ಪಕ್ಕದ ಜಾಗ ಅವನದು ಎಂದು ಪ್ರತಿ ಸಲ ನೆನಪಾಗುತ್ತಿತ್ತು. ಈಗಲೂ ಚುಚ್ಚಿ ನೋಡಿಕೊಳ್ಳುತ್ತೇನೆ. ಈಗಲೂ ನೋಯುತ್ತದೆ.

ಎರಡನೇ ವರ್ಷ ಅವನ ಕೈಗೆ ಹಿಡಿತ ಬಂತು, ಕೋಲು ಹಿಡಿದು ನಡೆಯತೊಡಗಿದ. ನಾನು ಊರಿಗೆ ಹೋದಾಗ ಚರ್ಮ ತಂದು ಅವನಿಗೆ ಒಂದು ಜೊತೆ ಚಪ್ಪಲಿ ಹೊಲಿದೆ. ಅಂಟಿಲ್ಲ, ಬರೀ ದಾರ. ಅವನು ಪಕ್ಕದಲ್ಲಿ ಕೂತು ಬೈಯುತ್ತಲೇ ಇದ್ದ. "ಹೊಲಗಿ ಹಾಕಾಕತ್ತೀಯೋ, ಬೇಲಿ ಹಾಕಾಕತ್ತೀಯೋ?" ಮುಗಿದ ಮೇಲೆ ಹಾಕಿಕೊಂಡು ಕೋಲೂರಿ ಸ್ಟೇಶನ್ನಿನವರೆಗೆ ಹೋಗಿ ಬಂದ. ಪಾದದ ಸಪ್ಪಳ ಕಡಿಮೆಯಾಗಿತ್ತು. ಬಂದವನು ಗ್ಯಾಲರಿಯಲ್ಲಿ ಕುಕ್ಕರಿಸಿದ.

"ಥೂ ನಿನ್ನ! ಕಚ್ಚತೈತೋ ಚಪ್ಪಲಿ! ಇಲ್ಲಿ ನೋಡ, ಪಟ್ಟಿ ಹೆಂಗ ಕಚ್ಚೈತಿ!"

ಪಾದದ ಮೇಲ್ಭಾಗದಲ್ಲಿ ಪಟ್ಟಿ ತಿಕ್ಕಿ ಕೆಂಪಗಾಗಿತ್ತು. ಅಲ್ಲಿ ನೋವು ಬಂದಿತ್ತು. ಅಲ್ಲಿಯವರೆಗೆ ದಾರ ಬೆಳೆದಿತ್ತು. ಕಚ್ಚತೈತಿ, ಕಚ್ಚತೈತಿ ಎಂದು ಅವನು ಎರಡು ಸಲ ಹೇಳಿ ತಾನೇ ಮಾತು ನಿಲ್ಲಿಸಿದ. ಹೇಳಿದ್ದು ಏನೆಂದು ಅವನಿಗೂ ಗೊತ್ತಾಗಿತ್ತು. ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡ. ಕಣ್ಣು ಒರೆಸಿಕೊಂಡನೋ ಏನೋ, ನಾನು ನೋಡಲಿಲ್ಲ.

ನಾನು ಕೆಳಗೆ ನೋಡಿದೆ. ಹೆಬ್ಬೆರಳು ತೂರಿಸುವ ಉಂಗುರದ ಅಂಚು ಇನ್ನೂ ಒರಟಾಗಿತ್ತು, ನಾನು ಸರಿಯಾಗಿ ತಿಕ್ಕಿರಲಿಲ್ಲ. ಅದು ಬೆರಳ ಸಂದಿಯನ್ನು ಕೊಯ್ದು ರಕ್ತ ಅಟ್ಟೆಯ ಮೇಲೆ ಇಳಿದಿತ್ತು. ಅದರ ಬಗ್ಗೆ ಅವನು ಏನೂ ಹೇಳಿರಲಿಲ್ಲ. ಮೇಲಿನ ಕೆಂಪಿನಿಂದ ಅಲ್ಲಿಗೆ ನಾಲ್ಕು ಬೆರಳಿನಷ್ಟು ದೂರ.

ಚಪ್ಪಲಿಯನ್ನು ಮೆಲ್ಲಗೆ ಜಾರಿಸಿದೆ. ಟವಲು ಒದ್ದೆ ಮಾಡಿ ಬೆರಳ ಸಂದಿ ಒರೆಸಿದೆ. ಮಾಮಾ ರಸ್ತೆ ನೋಡುತ್ತಲೇ ಮತ್ತೆ ಪಟ್ಟಿಯನ್ನು ಬೈಯುತ್ತಿದ್ದ. ಅವನ ಹೆಬ್ಬೆರಳು ನನ್ನ ಮುಷ್ಟಿಯಲ್ಲಿತ್ತು. ಮುಟ್ಟಬೇಡ ಅನ್ನಲಿಲ್ಲ. ಅವನಿಗೆ ಗೊತ್ತೇ ಆಗಲಿಲ್ಲ.